ಕೆಂಪ್ಯಾ ಮತ್ತ ನನ್ನ ಎಡಗೈ

"ಕೈ ತಗೀರಿ ಅಣ್ಣಾ! ದುರ್ಬೀನಿಗಿ ಕೈ ಹಚ್ಚಬ್ಯಾಡ್ರಿ, ತಗೀರಿ ಕೈ!"

ವಿನೋದ ಸರ್ ಒದರಾಕತ್ತಿದ್ದ. ನನಗ ಕೇಳಸ್ತಿತ್ತು. ನಾ ತಗೀಲಿಲ್ಲ. ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ದುರ್ಬೀನಿಗಿ ಹಚ್ಚಿ ನಿಂತಿದ್ದೆ. ಒಳಗ ಒಂದು ಕೆಂಪ ಚಿಕ್ಕಿ ಉಬ್ಬಾಕತ್ತಿತ್ತು. ಪಟ್ಟಿ ಕಟ್ಟಿದ ನನ್ನ ಎಡಗೈ ದುರ್ಬೀನಿನ ಕೊಳವಿ ಮ್ಯಾಲಿತ್ತು. ಆ ಕೊಳವಿ ಬೆಚ್ಚಗ ಆಗಾಕತ್ತಿತ್ತು.

ತಡೀರಿ, ಹಿಂದಿಂದ ಹೇಳ್ತೀನಿ.

ದೆವ್ವ, ಗಾಳಿ, ಮಾಟ ಅಂದ್ರ ನಾ ನಂಬಂವ ಅಲ್ಲ. ಹುಮನಾಬಾದಿನ್ಯಾಗ ಹೈವೇ ಬಾಜೂಕ ನಂದು ಪಂಚರ್ ದುಕಾನ ಅದ. ಲಾರಿ ಡ್ರೈವರ್‌ಗಳು ಬರ್ತಾರ, ಚಹಾ ಕುಡೀತಾರ, ಅಲ್ಲಿ ಘಾಟಿನ್ಯಾಗ ಬಿಳಿ ಸೀರಿ ಉಟ್ಟಾಕಿ ಕೈ ಮಾಡಿದ್ಲು ಅಂತ ಹೇಳ್ತಾರ. ಆಕಿ ಟಾಯರ್ ಪಂಚರ್ ಮಾಡ್ತಾಳೇನು, ಮಾಡ್ತಿದ್ರ ನನ್ನ ದುಕಾನ ತೋರಸ್ರಿ, ಅಂತಿದ್ದೆ ನಾ. ಇಂಥಾ ಮಾತು ಕೇಳಿ ನಕ್ಕಂವ ನಾನೇ. ಈಗ ನೀವು ನಕ್ರ ನಾ ಏನೂ ಅನ್ನಂಗಿಲ್ಲ. ನನಗ ಬರೀಲಾಕ ಬರೋಬ್ಬರಿ ಬರಂಗಿಲ್ಲ, ಮೊಬೈಲಿಗಿ ಮಾತಾಡ್ತೀನಿ, ಅದೇ ಬರಕೋತದ. ಚಂದ ಮಾಡಿ ಹೇಳೂದು ನನಗ ಗೊತ್ತಿಲ್ಲ.

ನನ್ನ ಹೆಂಡ್ತಿ ಭಾಗ್ಯಾ. ಸೋದರ ಮಾವನ ಮಗಳು. ಬೇಮಳಖೇಡದಾಗ ಎರಡೂ ಮನ್ಯಾಗ ಕುರಿ ಇದ್ದವು, ಒಂದೇ ದೊಡ್ಡಿ, ಒಂದೇ ಸಾಲಿ, ಒಂದೇ ಕ್ಲಾಸು. ನಾ ಒಂಬತ್ತನೇದಕ್ಕ ಬಿಟ್ಟೆ. ಕುರಿ ಹಿಂದ ಹೋದೆ, ಕುರಿ ಬಿಟ್ಟು ಟಾಯರಿಗಿ ಬಂದೆ. ಆಕಿ ಬಿಡಲಿಲ್ಲ. ಲಗ್ನ ಆಗೂ ಮುಂದ ಮಾವ ಒಂದೇ ಮಾತು ಕೇಳಿದ್ದ, ಪೋರಿ ಡಿಗ್ರಿ ಮುಗಸ್ತಾಳ, ಅಡ್ಡ ಬರಬ್ಯಾಡ ಅಂತ. ನಾ ಹೂಂ ಅಂದಿದ್ದೆ. ಹೂಂ ಅನ್ನೂದು ಸಸ್ತಾ.

ದಿನಾ ಮುಂಜಾನಿ ಬಸ್ಸಿಗಿ ಕಲ್ಯಾಣಕ್ಕ ಹೋಗ್ತಿದ್ಲು ಕಾಲೇಜಿಗಿ. ಕಡೀ ವರ್ಷ ಈ ವಿನೋದ ಸರ್ ಬಂದ. ಸರ್ ಅಂತ ಬಾಯಿ ಅಂತದ ಖರೆ, ಒಳಗಿಂದ ನನಗ ಅಂವ, ಇಂವ ಅಂತೇ ಬರ್ತದ. ನನ್ನ ವಾರಿಗಿಯಂವ, ತೆಳ್ಳಗ, ಮಾತು ಮೆತ್ತಗ. ಅಂವ ಭಾಗ್ಯಾಗ ಒಂದು ಕೆಲಸ ಹಚ್ಚಿದ. ದೊಡ್ಡ ದುರ್ಬೀನಿನ್ಯಾಗ ತಗದ ಆಕಾಶದ ಫೋಟೋ, ಒಂದೇ ಜಾಗದ್ದು, ವಾರಕ್ಕೊಂದು, ಹದಿನೈದು ದಿನಕ್ಕೊಂದು. ಫೋಟೋ ತುಂಬ ಚಿಕ್ಕಿ. ಸಕ್ಕರಿ ಡಬ್ಬಿ ಕೈ ಜಾರಿ ಬಿದ್ದಂಗ, ನಡುವ ಒಟ್ಟಿ, ಅಂಚಿಗಿ ಚದುರಿ. ಅದರಾಗ ಯಾವ ಚಿಕ್ಕಿ ಬೆಳಕು ಹೆಚ್ಚು ಕಡಿಮಿ ಮಾಡ್ತದ, ಅದನ್ನ ಹುಡುಕಬೇಕು, ಅದರ ಬೆನ್ನು ಹತ್ತಬೇಕು.

ಆಕಿಗಿ ಒಂದು ಸಿಕ್ತು. ಕೆಂಪಂದು. ಅದಕ್ಕ ಹೆಸರಿಟ್ಲು, ಕೆಂಪ್ಯಾ.

ನಮ್ಮ ಹಾಸಗ್ಯಾಗ ಮೊಬೈಲ್ ಹಿಡಕೊಂಡು ಮಲಗ್ತಿದ್ಲು. ಒಂದು ಫೋಟೋ, ಮತ್ತೊಂದು ಫೋಟೋ, ಬೆರಳಿಲೆ ಹಿಂದ ಮುಂದ ಮಾಡೂದು. "ನೋಡು, ಕೆಂಪ್ಯಾ ಸೊರಗ್ಯಾನ," ಅಂತಿದ್ಲು. ಮುಂದಿನ ತಿಂಗಳ, "ಕೆಂಪ್ಯಾ ಮೈ ಹಿಡದಾನ, ನೋಡು." ನನಗ ಎರಡೂ ಒಂದೇ ಕಾಣಸ್ತಿತ್ತು. ನಾ ಜ್ವರ ಬಂದು ಸೊರಗಿದಾಗ ಆಕಿ ಇಷ್ಟು ನೋಡಿರಲಿಲ್ಲ.

ಒಂದಿನ ಕೇಳಿದೆ, ಏನದರಾಗ ಅಂತಾದ್ದು? ಆಕಿ ಎದ್ದು ಕುಂತ್ಲು. ನಮ್ಮ ಮಾತಿನ್ಯಾಗೇ ಹೇಳಿದ್ಲು, ಅದಕ್ಕ ನೆನಪದ.

"ಆ ಹಿಂಡಿನ್ಯಾಗಿನ ಚಿಕ್ಕಿ ಎಲ್ಲಾ ಹೆಚ್ಚಾಕಡಿಮಿ ಒಂದೇ ಹಂಗಾಮಿಗಿ ಹುಟ್ಟಿದ ಮರಿ ಹಂಗ. ನಮ್ಮ ಸೂರ್ಯಗಿಂತ ಮುಪ್ಪಾದವು. ಹುಟ್ಟುವಾಗ ಯಾವುದರ ಮೈಯಾಗ ತುಸು ಜಾಸ್ತಿ ಇತ್ತೋ ಅದು ಲಗೂ ಉರದು ಲಗೂ ಮುಪ್ಪಾಗ್ತದ. ಮುಪ್ಪಾದದ್ದು ಉಬ್ಬತದ, ಕೆಂಪಾಗ್ತದ, ಆಮ್ಯಾಲ ಉಸಿರಾಡ್ತದ. ಉಬ್ಬೂದು, ಕುಗ್ಗೂದು. ಕೆಂಪ್ಯಾನ ಒಂದು ಉಸಿರಿಗಿ ಐದು ತಿಂಗಳ ಹಿಡೀತದ. ಒಂದೊಂದು ಉಸಿರಿಗೂ ತನ್ನ ಮೈಯಾಗಿಂದು ತುಸು ಹೊರಗ ಊದಿ ಬಿಡ್ತದ. ಕಡೀಕ ಒಂದು ಸಣ್ಣ ಬಿಳಿ ಕೆಂಡ ಉಳೀತದ, ಅಷ್ಟೇ."

"ಉಸಿರು ಅಳದು ನೀ ಏನ್ ಮಾಡ್ತಿ?"

"ಉಸಿರು ಎಷ್ಟು ಉದ್ದ ಅದ ಅನ್ನೂದ್ರ ಮ್ಯಾಲ ಅಂವ ಎಷ್ಟು ಉಬ್ಬ್ಯಾನ, ಮೈಯಾಗ ಇನ್ನ ಎಷ್ಟು ಉಳದದ ಗೊತ್ತಾಗ್ತದ. ಒಂದೇ ವಯಸ್ಸಿನ ಹಿಂಡು ನೋಡು, ಯಾರು ಮುಂದ ಹೋದ್ರು, ಯಾರು ಹಿಂದ ಉಳದ್ರು, ಎಲ್ಲಾ ಒಂದೇ ಕಡೆ ಕಾಣಸ್ತದ. ಒಂದು ಚಿಕ್ಕಿ ಹುಟ್ಟಿ ಸಾಯೂದು ನೋಡ್ಲಾಕ ಯಾರಿಗೂ ಆಯುಷ್ಯ ಸಾಲಂಗಿಲ್ಲ. ಹಿಂಡು ನೋಡಿದ್ರ ಸಾಲತದ."

ಅದು ನನಗ ತಿಳೀತು. ಲಾರಿ ಟಾಯರ್ ಬಡದ್ರ ಧಪ್ ಅಂತದ, ಸೈಕಲ್ಲಿಂದು ಬಡದ್ರ ಟಣ್ ಅಂತದ, ಸಪ್ಪಳದ ಮ್ಯಾಲೇ ಎಷ್ಟು ದೊಡ್ಡದು ತಿಳೀತದ, ಅದರಂಗೇ. ಆದ್ರ ತಿಳೀತು ಅಂತ ಹೇಳಲಿಲ್ಲ. ಹೇಳಿದ್ರ ಆಕಿ ಖುಷಿ ಆಗ್ತಿದ್ಲು. ಆ ಕೆಂಪ್ಯಾನ ಮಾತಿಗಿ ಆಕಿ ಖುಷಿ ಆಗೂದು ನನಗ ಬೇಕಾಗಿರಲಿಲ್ಲ. ಒಂದೇ ವಯಸ್ಸಿನ ಹಿಂಡಿನ್ಯಾಗ ಯಾರು ಮುಂದ ಹೋದ್ರು ಅನ್ನೂದು ನಮ್ಮ ಮನ್ಯಾಗೇ ಕಾಣಸ್ತಿತ್ತು.

ನನ್ನ ದುಕಾನದ ಬಾಜೂಕ ಮಸ್ತಾನನ ಚಹಾದ ಬಂಡಿ ಅದ. ಅಂವಗ ಇದೆಲ್ಲಾ ನಾನೇ ಒಂದಿನ ಸಿಟ್ಟಿನ್ಯಾಗ ಹೇಳಿಬಿಟ್ಟಿದ್ದೆ. ಆಮ್ಯಾಲ ಬಿಡ್ತಾನೇನು? "ಅರೇ ಭಾಯಿ, ಮಂದಿ ಹೆಂಡ್ರು ಓಣ್ಯಾಗ ನೋಡ್ತಾರ, ನಿನ್ನ ಹೆಂಡ್ತಿ ಆಸ್ಮಾನದಾಗ ನೋಡ್ಯಾಳ. ಅಂವನ್ನ ಹಿಡದು ಹೊಡೀಬೇಕಂದ್ರ ನಿಚ್ಚಣಿಕಿ ಎಲ್ಲಿಂದ ತರ್ತಿ?" ನಾ ನಗಲಿಲ್ಲ. ಮಂದಿ ನಕ್ರು.

ಆ ಬ್ಯಾಸಗಿ ಮುಗೀಲಾಕ ಬಂದಾಗ ಭಾಗ್ಯಾ ಹೇಳಿದ್ಲು, ಸರ್ ಅಂತಾರ ಕಲಬುರಗಿಗಿ ಹೋಗಿ ಮುಂದ ಓದು ಅಂತ. ಹಾಸ್ಟೆಲ್ ಸಿಗ್ತದಂತ. ನಾ ಹೊರಗ ಬಂದು ಅವ್ವಗ ಫೋನ್ ಮಾಡಿ ಹೇಳಿದೆ, ಇನ್ನ ಬಂದ್ ಮಾಡಸ್ತೀನಿ, ಕಲ್ತದ್ದು ಸಾಕು. ಅವ್ವ, ಹಂಗ ಮಾಡಪಾ, ಮನಿ ಅಂದ್ರ ಮನ್ಯಾಗ ಇರಬೇಕು ಅಂದ್ಲು. ಭಾಗ್ಯಾಗ ಇನ್ನ ಹೇಳಿರಲಿಲ್ಲ.

ಮರದಿನ ಅದೇ ದಿಮಾಗಿನ್ಯಾಗ ಕೆಲಸಕ್ಕ ಕುಂತೆ. ರಿಮ್ಮಿನಿಂದ ಟಾಯರ್ ಎಬ್ಬಸೋ ಕಬ್ಬಿಣದ ಸಳಿ, ಟಾಮಿ ಅಂತೀವಿ, ಅದು ಜಾರಿ ಎಡಗೈ ಮ್ಯಾಲ ಬಂತು. ಅಂಗೈ ಹರೀತು, ಹೆಬ್ಬೆರಳಿನ ಉಗುರು ಕೆಳಗ ರಕ್ತ ಕಟ್ಟಿ ಕರಿ ಆತು. ದವಾಖಾನಿದಾಗ ಹೊಲಿಗಿ ಹಾಕಿ ಇಡೀ ಪಂಜಾಕ್ಕ ಪಟ್ಟಿ ಸುತ್ತಿದ್ರು. ಭಾಗ್ಯಾ ಬಾಜೂಕ ನಿಂತು ಹೊಲಿಗಿ ಹಾಕೂದು ನೋಡಿದ್ಲು. ಅದು ಮುಂದ ಬೇಕಾಗ್ತದ, ನೆನಪಿಡ್ರಿ. ಕೈ ಹರದದ್ದು, ಉಗುರು ಕರಿ ಆದದ್ದು ಆಕಿ ಕಣ್ಣಾರೆ ನೋಡ್ಯಾಳ.

ಅವತ್ತ ಸಂಜಿಗೇ ಕಲ್ಯಾಣದಾಗ ದುರ್ಬೀನು ನೋಡೂದಿತ್ತು. ಫೋಟೋದಾಗ ನೋಡಿದ ಹಿಂಡನ್ನ ಖುದ್ದ ಕಣ್ಣಿಲೆ ನೋಡೂದು, ಕಾಲೇಜಿನ ಪೋರ ಪೋರಿ ಎಲ್ಲಾ ಬರ್ತಾರ. ಕೈ ಹಿಂಗ ಅದ, ಬಿಡ್ತೀನಿ ಅಂದ್ಲು ಆಕಿ. ನಾ ಅಂದೆ, ನಡಿ, ನಾನೂ ಬರ್ತೀನಿ. ಆಕಿ ಮಾರಿ ಅರಳ್ತು. ನನ್ನ ಮನಸಿನ್ಯಾಗ ಬ್ಯಾರೇನೇ ಇತ್ತು. ಆ ಸರ್ ಮುಂದೇ ಹೇಳಬೇಕು, ಇವತ್ತಿಗಿ ಮುಗೀತು, ನಾಳಿಂದ ಬರಂಗಿಲ್ಲ ಅಂತ. ಅಂವನ ಮಾರಿ ನೋಡಬೇಕಾಗಿತ್ತು ನನಗ.

ಮಸ್ತಾನನ ಸ್ಕೂಟಿ ಇಸಕೊಂಡ್ವಿ. ನನ್ನ ಕೈ ನಡ್ಯಂಗಿಲ್ಲ, ಭಾಗ್ಯಾ ಹೊಡದ್ಲು, ನಾ ಹಿಂದ ಕುಂತೆ. "ಸಾವಕಾಶ ಭಾಭಿ, ಹಿಂದ ದೊರಿ ಕುಂತಾನ, ಉರುಳ್ಯಾನು!" ಅಂತ ಮಸ್ತಾನ ಒದರಿದ. ಆಕಿ ನಕ್ಕಳು. ಹೈವೇ ತುಂಬ ಲಾರಿ ಡ್ರೈವರ್‌ಗಳು ನನ್ನ ಪರಿಚಯದವರು, ಹಾರ್ನ್ ಹೊಡೀತಾ ಹೋದ್ರು.

ಕಲ್ಯಾಣದ ಹೊರಗ, ಬೆಳಕು ಇರದ ಕಡೆ, ಒಂದು ಕಲ್ಲಿನ ಮರಡಿ, ಸಣ್ಣ ಗುಡ್ಡ. ಕತ್ತಲ ಈಗಷ್ಟೇ ಆಗಿತ್ತು. ಮಂದಿ ಚಿತ್ರಾನ್ನ ಕಟಗೊಂಡು ಬಂದಿದ್ರು, ಗದ್ದಲ ಇತ್ತು, ಹೆದರಿಕಿ ಆಗೂ ಜಾಗ ಅಲ್ಲವೇ ಅಲ್ಲ. ನಡುವ ದುರ್ಬೀನು, ನೀರಿನ ಪೈಪಿನಷ್ಟು ದಪ್ಪ ಕೊಳವಿ, ಮೂರು ಕಾಲಿನ ಮ್ಯಾಲ. ದಕ್ಷಿಣ ದಿಕ್ಕಿಗಿ, ಹೊಲದ ಅಂಚಿನ ತುಸು ಮ್ಯಾಲ ಮುಖ ಮಾಡಿತ್ತು. ಸರ್ ನನ್ನ ಪಟ್ಟಿ ನೋಡಿ, ಅಯ್ಯ ಅಣ್ಣಾ ಏನಾತ್ರಿ ಅಂದ. ಕುಂಡ್ರಲಾಕ ಕುರ್ಚಿ ತಂದ. ಸಿಟ್ಟು ಮಾಡ್ಲಾಕ ಆಸ್ಪದನೇ ಕೊಡಂಗಿಲ್ಲ ಇಂಥಾ ಮಂದಿ, ಅದೊಂದು ತ್ರಾಸ.

ಅಂವ, ಭಾಗ್ಯಾ ಇಬ್ಬರೂ ದುರ್ಬೀನಿನ ಬಾಜೂಕ ನಿಂತು ಮಾತಾಡಾಕತ್ರು. ನನಗ ತಿಳೀದ ಮಾತು. ಅಂವ ಅರ್ಧ ಹೇಳೂದ್ರಾಗ ಆಕಿ ಉಳದರ್ಧ ಹೇಳ್ತಿದ್ಲು. ನನ್ನ ಜೋಡಿ ಆಕಿಯ ಮಾತು ಯಾವತ್ತೂ ಹಂಗ ಕೂಡಿಲ್ಲ. ಎದ್ದು ಹೋಗಿ ಹೇಳ್ತೀನಿ ಅಂತ ಎದ್ದೆ.

ಎದ್ದದ್ದು ನೋಡಿ ಸರ್, "ಬರ್ರಿ ಅಣ್ಣಾ, ಮೊದಲ ನೀವೇ ನೋಡ್ರಿ" ಅಂದ. ಮಂದಿ ಜಾಗ ಬಿಟ್ರು. ಭಾಗ್ಯಾ ನನ್ನ ತೋಳು ಹಿಡದು ನಿಲ್ಲಿಸಿದ್ಲು. ನಾ ಕೇಳಿದೆ, "ನಿನ್ನ ಕೆಂಪ್ಯಾ ಯಾವಂವ?"

"ಇವತ್ತ ಅಂವ ಕಾಣಂಗಿಲ್ಲ," ಅಂದ್ಲು. "ಭಾಳ ಸೊರಗ್ಯಾನ. ಈ ದುರ್ಬೀನಿಗಿ ಸಿಗಂಗಿಲ್ಲ."

ಸರ್‌ನೂ ಅದೇ ಅಂದ. ಇಬ್ಬರೂ ಅಂದದ್ದು ನಾ ಕೇಳೀನಿ.

ಕಣ್ಣು ಹಚ್ಚಿದೆ. ಮೊದಲ ಬೂದಿ ಮುದ್ದಿ ಹಂಗ ಇತ್ತು. ತುಸು ಹೊತ್ತಿಗಿ ಬೂದಿ ಒಡದು ಕಾಳು ಕಾಳು ಆತು. ಸಾವಿರಗಟ್ಟಲೆ. ಅಮಾಸಿ ಕತ್ತಲದಾಗ ದೊಡ್ಡಿಗಿ ಬ್ಯಾಟರಿ ಹೊಡದ್ರ ಕುರಿ ಕಣ್ಣು ಮಿಂಚತಾವಲ್ಲ, ಹಂಗ. ಅಂಚಿನ್ಯಾಗ ಒಂದು ಕೆಂಪಂದು. ಬೀಡಿ ತುದಿಯಷ್ಟು. ಸಿಕ್ಕೆಲ್ಲೋ ಮಗನ ಅಂದೆ ಮನಸಿನ್ಯಾಗ.

ಅದು ಉಬ್ಬಾಕತ್ತಿತು.

ಇಲ್ಲಿ ನಾ ಒಂದು ಕೆಲಸ ಮಾಡಿದೆ. ವಿಚಾರ ಮಾಡಿ ಮಾಡಿದ್ದಲ್ಲ. ಟಾಯರಿಗಿ ಗಾಳಿ ಬಿಡುವಾಗ ಮೀಟರ್ ಇದ್ರೂ ನಾವು ಅದರ ಮ್ಯಾಲ ಅಂಗೈ ಇಡ್ತೀವಿ. ಎಲ್ಲೆರ ಗಂಟು ಎದ್ದಿತೇನು, ಸಿಡೀತದೇನು, ಅಂಗೈಗಿ ಮೊದಲ ತಿಳೀತದ. ಉಬ್ಬೂದು ಕಂಡ್ರ ನನ್ನ ಕೈ ತಾನೇ ಹೋಗ್ತದ. ಹಂಗೇ ಹೋತು. ಬಲಗೈ ತೋಳು ಭಾಗ್ಯಾ ಹಿಡದಿದ್ಲು, ಪಟ್ಟಿ ಕಟ್ಟಿದ ಎಡಗೈ ಹೋಗಿ ಕೊಳವಿ ಮ್ಯಾಲ ಕುಂತಿತು.

ಪಟ್ಟಿ ಒಳಗಿಂದ ನನಗ ತಿಳೀತು. ಕೊಳವಿ ಬೆಚ್ಚಗ ಆತು. ಅಂಗೈ ಕೆಳಗ ಯಾವುದೋ ದೊಡ್ಡದು, ಭಾಳ ದೊಡ್ಡದು, ಮಲಗಿದ ಎಮ್ಮಿ ಹೊಟ್ಟಿ ಏರಿದಂಗ ಏರ್ತು. ಕಣ್ಣಿನ್ಯಾಗ ಆ ಕೆಂಪು ಬೆಳೀತಾ ಬೆಳೀತಾ ಬಾಜೂಕಿನ ಚಿಕ್ಕಿ ಎಲ್ಲಾ ಮಂಕು ಮಾಡ್ತು. ಸರ್ ಕೈ ತಗೀರಿ ಅಂತ ಒದರಾಕತ್ತಿದ್ದ. ನಾ ಹ್ಯಾಂಗ ತಗೀಲಿ? ಪೂರಾ ಉಬ್ಬಿ ನಿಂತಿತು. ಈಗ ಸಿಡೀತದ ಅಂದೆ. ಸಿಡೀಲಿಲ್ಲ. ಸಾವಕಾಶ ಇಳೀತು. ಇಳದು ಇಳದು ಮತ್ತ ಬೀಡಿ ತುದಿ ಆತು, ಆರ್ತು. ಒಂದೇ ಉಸಿರು.

ಆಗ ಭಾಗ್ಯಾ ನನ್ನ ಕೈ ಎಳದಳು. ಏನಾತು ಅಂದ್ಲು. ಏನಿಲ್ಲ ಅಂದೆ. ಮಂದಿ ನಗಾಕತ್ತಿದ್ರು. ಭಾಳ ಹೊತ್ತು ನಿಂತಿದ್ದೆನೇನು ಅಂತ ಕೇಳಿದೆ. "ಎಲ್ಲಿ ಹೊತ್ತು, ಈಗ ಕಣ್ಣು ಹಚ್ಚೀದಿ, ಈಗ ತಗದೀದಿ," ಅಂದ್ಲು ಆಕಿ.

ಸರ್‌ಗ ಹೇಳಬೇಕಂದಿದ್ದು ಹೇಳಲಿಲ್ಲ. ನೆನಪೇ ಬರಲಿಲ್ಲ.

ಹೊಳ್ಳಿ ಬರುವಾಗ ಕೈಯಾಗ ಏನೋ ಚುಚ್ಚಾಕತ್ತಿತು. ರಾಜೇಶ್ವರದ ಹತ್ರ ಹೈವೇ ಮ್ಯಾಲ ಒಂದು ಚಹಾದ ಹೋಟೆಲ್ ಅದ, ಟ್ಯೂಬ್‌ಲೈಟ್ ಇತ್ತು, ಅಲ್ಲಿ ನಿಂತ್ವಿ. ನೋವೇನು ಅಂದ್ಲು. ನೋವಿಲ್ಲ, ಚುಚ್ಚತದ ಅಂದೆ. ಆಕಿನೇ ಪಟ್ಟಿ ಬಿಚ್ಚಿದ್ಲು.

ಹೊಲಿಗಿ ದಾರದ ತುಣುಕು ಒಂದೊಂದೇ ಟೇಬಲ್ ಮ್ಯಾಲ ಉದುರಿದ್ವು, ಒಣ ಕಡ್ಡಿ ಹಂಗ. ಗಾಯ ಇರಲಿಲ್ಲ. ಗಾಯ ಇದ್ದಲ್ಲಿ ಬಿಳಿ ಗೆರಿ, ಹಳೇದು. ಚುಚ್ಚಿದ್ದು ಉಗುರು. ಐದೂ ಬೆರಳಿಂದು ಬೆಳದು ಪಟ್ಟಿ ಒಳಗ ಮಡಚಿದ್ವು. ಹೆಬ್ಬೆರಳಿನ ಕರಿ ಕಲೆ ಬುಡದಿಂದ ಸರದು ತುದಿಗಿ ಬಂದಿತ್ತು. ಟಾಯರ್‌ನಾಗ ಕೆಲಸ ಮಾಡೋರಿಗಿ ಇದು ಗೊತ್ತದ, ಕರಿ ಆದ ಉಗುರು ಹಂಗ ಹೊರಗ ಬರಬೇಕಂದ್ರ ನಾಕೈದು ತಿಂಗಳ ಬೇಕು. ಮತ್ತ ಅಂಗೈ. ಹದಿನಾರಕ್ಕ ಟಾಮಿ ಹಿಡದಂವ ನಾ, ಅಂಗೈ ತುಂಬ ಜಡ್ಡು ಇತ್ತು. ಜಡ್ಡು ಇರಲಿಲ್ಲ. ಕೂಸಿನ ಅಂಗೈ ಹಂಗ ಮೆತ್ತಗ. ತಿಂಗಳಗಟ್ಟಲೆ ಆ ಕೈ ಏನೂ ಕೆಲಸ ಮಾಡೇ ಇಲ್ಲ. ಬಲಗೈ ಹ್ಯಾಂಗಿತ್ತೋ ಹಂಗೇ ಇತ್ತು. ಗಡ್ಡ ಮುಂಜಾನಿ ಕೆರದಷ್ಟೇ ಇತ್ತು.

ಚಹಾ ಕೊಟ್ಟಂವ ನೋಡಿ, "ಏನ್ರಿ, ಪಟ್ಟಿ ಬಿಚ್ಚಲಾಕ ಭಾಳ ದಿವಸ ಬಿಟ್ರಲ್ಲ," ಅಂದ.

ಆಮ್ಯಾಲ ನಾ ಕಂಡದ್ದು ಆಕಿಗಿ ಹೇಳಿದೆ. ಬೀಡಿ ತುದಿ, ಉಬ್ಬಿದ್ದು, ಕುಗ್ಗಿದ್ದು. ಆಕಿ ಹೆದರ್ತಾಳ ಅಂದುಕೊಂಡಿದ್ದೆ. ಆಕಿ ಹೆದರಲಿಲ್ಲ. "ಎಷ್ಟು ಉಸಿರು?" ಅಂತ ಕೇಳಿದ್ಲು. ಒಂದು ಅಂದೆ. ಕೈ ಬಿಟ್ಟು ಮಾರಿ ಆ ಕಡೆ ಮಾಡಿದ್ಲು. ಅಳಾಕತ್ತಿದ್ಲು.

"ಯಾಕ ಅಳ್ತಿ? ಕೈ ಆರಾಮ ಆಗೇದಲ್ಲ."

"ನಾ ಕಣ್ಣು ಕೆಡಿಸಿಕೊಂಡು ಫೋಟೋಕ್ಕೊಂದು ಚುಕ್ಕಿ ಇಟ್ಟು ಅಂವನ ಉಸಿರಿನ ಗೆರಿ ಕೂಡಸಾಕತ್ತೀನಿ," ಅಂದ್ಲು. "ನನಗ ಒಂದು ಉಸಿರು ಪೂರಾ ಯಾವತ್ತೂ ಕಂಡಿಲ್ಲ. ಮೋಡ ಬಂದ್ರ ಫೋಟೋ ಇಲ್ಲ. ನಿನಗ ಅಂವ ಬ್ಯಾಡಾಗಿದ್ದ. ನಿನಗ ಹ್ಯಾಂಗ ಕಂಡ? ನಿನಗ ಯಾಕ ಕಂಡ?"

ಹೊಟ್ಟಿಕಿಚ್ಚು ಹ್ಯಾಂಗಿರ್ತದ ನನಗ ಗೊತ್ತದ, ಅದರ ಮಾರಿ ನಾ ದಿನಾ ಕನ್ನಡ್ಯಾಗ ನೋಡ್ತಿದ್ದೆ. ಅದೇ ಮಾರಿ ಆಕಿದು ಆಗಿತ್ತು. ಸುಳ್ಳ ಯಾಕ ಹೇಳ್ಲಿ, ನನಗ ಚಂದ ಅನಸ್ತು. ಚಹಾ ಇನ್ನೊಂದು ತರಸಿದೆ.

ಮರದಿನ ದವಾಖಾನಿಗಿ ಹೋದೆ. ಡಾಕ್ಟರ್ ಕೈ ಹೊಳ್ಳಿಸಿ ನೋಡಿ, "ಇದಲ್ಲೋ, ನಿನ್ನೆ ಹೊಲದದ್ದು ತೋರಸು, ಇನ್ನೊಂದು ಕೈ," ಅಂದ್ರು. ಇನ್ನೊಂದು ಕೈ ತೋರಿಸಿದೆ. ಅದರಾಗೂ ಏನಿಲ್ಲ. ಕಂಪೌಂಡರ್ ನನ್ನ ಮಾರಿ, ಕೈ, ಮಾರಿ ನೋಡ್ತಾ ನಿಂತ. ದುಕಾನದಾಗ ಮಸ್ತಾನ, ಪಟ್ಟಿ ಎಲ್ಲಿ ಅಂದ. ಆರಾಮ ಆತು ಅಂದೆ. "ಹೆಂಡ್ತಿ ಗಾಡಿ ಹೊಡೀಲಿ ಅಂತ ನಾಟಕ ಮಾಡಿದ್ಯೇನು?" ಅಂದ. ಹೂಂ ಅಂದೆ.

ಕಲಬುರಗಿಗಿ ಹೋಗಬ್ಯಾಡ ಅನ್ನೂ ಮಾತು ನನ್ನ ಬಾಯಾಗಿಂದ ಬರಲೇ ಇಲ್ಲ. ಅವ್ವ ಇವತ್ತಿಗೂ ಬೈತಾಳ. ನಾ ಒಳ್ಳೇಂವ ಆದೆ ಅಂತ ಅಲ್ಲ. ಮೊದಲ ಆಕಿ ಬೆನ್ನು ಹತ್ತಿದ್ದು ನನ್ನ ಹತ್ರ ಇರಲಿಲ್ಲ, ಅದಕ್ಕ ಕಟ್ಟಿಹಾಕಬೇಕು ಅನಸ್ತಿತ್ತು. ಈಗ ಅದು ನನ್ನ ಹತ್ರೇ, ಈ ಕೈಯಾಗ ಇತ್ತು. ಎಲ್ಲಿಗಿ ಹೋದ್ರೂ ಹೊಳ್ಳಿ ಬರ್ತಾಳ ಅನಸ್ತು. ಬರ್ತಾಳ. ಎರಡು ವಾರಕ್ಕೊಮ್ಮಿ, ಸಂಜಿ ಬಸ್ಸಿಗಿ. ಸರ್‌ಗ ಈ ಮಾತು ಆಕಿ ಹೇಳಿಲ್ಲ, ನನಗೂ ಹೇಳಬ್ಯಾಡ ಅಂದಾಳ. ಆ ಮರಡಿಗಿ ಇಬ್ಬರೂ ಮತ್ತ ಹೋದ್ವಿ, ಅದೇ ದುರ್ಬೀನು, ನಾ ಅದೇ ಕೈ ಇಟ್ಟೆ, ಆಕಿನೂ ತನ್ನ ಕೈ ಇಟ್ಲು. ಕೊಳವಿ ತಣ್ಣಗಿತ್ತು. ಬೂದಿ ಮುದ್ದಿ ಕಾಣಸ್ತು, ಅಷ್ಟೇ.

ಜಡ್ಡು ಮತ್ತ ಬಂದದ. ಬಿಳಿ ಗೆರಿ ಉಳದದ. ಒಮ್ಮೊಮ್ಮಿ ಕೆಲಸ ಬಿಟ್ಟು ಈ ಕೈ ನೋಡ್ತೀನಿ. ನಾ ಅಲ್ಲೇ ಮರಡಿ ಮ್ಯಾಲ ನಿಂತಿದ್ದೆ, ಒಂದು ಕ್ಷಣ. ಈ ಕೈ ಐದು ತಿಂಗಳ ಎಲ್ಲಿತ್ತು? ಏನು ಮುಟ್ಟಿ ಬಂತು? ನನಗ ಹೇಳಂಗಿಲ್ಲ ಅದು.

ಭಾಗ್ಯಾ ಬಸ್ ಇಳದು ದುಕಾನಕ್ಕ ಬರ್ತಾಳ. ಬ್ಯಾಗ್ ಇಟ್ಟು ಮೊದಲ ನನ್ನ ಮಾರಿ ನೋಡಂಗಿಲ್ಲ. ಎಡಗೈ ತಗೋತಾಳ. ಗ್ರೀಸ್ ಹತ್ತಿದ್ರೂ ತಗೋತಾಳ, ಎರಡೂ ಕೈಯಾಗ ಹಿಡದು ಆ ಗೆರಿ ಮ್ಯಾಲ ಬೆರಳು ಆಡಸ್ತಾಳ. ಮೊದಲ ಆ ಸರ್ ಮ್ಯಾಲ ಕಿಚ್ಚು ಇತ್ತು, ಆಮ್ಯಾಲ ಕೆಂಪ್ಯಾನ ಮ್ಯಾಲ. ಈಗ ನನ್ನ ಕೈ ಮ್ಯಾಲೇ ನನಗ ಹೊಟ್ಟಿಕಿಚ್ಚು. ಇದನ್ನ ಯಾರ ಮುಂದ ಹೇಳ್ಲಿ?

"ಮತ್ತೊಮ್ಮಿ ಹೇಳು," ಅಂತಾಳ. "ಪೂರಾ ಉಬ್ಬಿ ನಿಂತಾಗ ಏನನಸ್ತು? ಏನರ ಬಿಟ್ಟೀದ್ಯೇನು, ನೆನಪು ಮಾಡು."

ಆಕಿಗಿ ಹೇಳಿದ್ದೇ ನಿಮಗೂ ಹೇಳ್ತೀನಿ. ಏನೂ ಬಿಟ್ಟಿಲ್ಲ. ಇದರ ಮ್ಯಾಲ ಹೇಳೂದು ನನ್ನ ಹತ್ರ ಏನೂ ಇಲ್ಲ.